ಬಾಸ್ ಹೊಗಳಲ್ಲ, ಬಯ್ಯಲ್ಲ, ಮಾತೇ ಆಡಲ್ಲ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹಾಸನದ ಕಡೆಯವರು, ಮೂವತ್ತು ದಾಟಿದ ಸಾಫ್ಟ್‌ವೇರ್ ಟೆಸ್ಟರ್. ಫಿನ್ಲೆಂಡಿನ ಎಸ್ಪೋ ನಗರದಲ್ಲಿ ಕೆಲಸ. ನವೆಂಬರಿನಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆಂದು ವಿಡಿಯೊ ಕರೆಗೆ ಬಂದವರು ಕೂತ ಕೂಡಲೇ ಹೇಳಿದ್ದು, “ಮೇಡಂ, ನನ್ನನ್ನ ಕೆಲಸದಿಂದ ತೆಗೀತಾರೆ ಅನ್ಸುತ್ತೆ.”

ಯಾಕೆ ಹಾಗನ್ನಿಸಿತು? ಮೀಟಿಂಗಿನಲ್ಲಿ ಇವರು ಮಾತು ಮುಗಿಸಿದರೆ ಯಾರೂ ಏನೂ ಹೇಳುವುದಿಲ್ಲ. ಮ್ಯಾನೇಜರ್ ಒಮ್ಮೆಯೂ ಹೊಗಳಿಲ್ಲ. ಒಂದು ಸಂಜೆ ಆರೂವರೆಗೆ ಇನ್ನೂ ಕೂತಿದ್ದವರನ್ನು ನೋಡಿ, “ನೀನು ಮನೆಗೆ ಹೋಗಬಹುದು” ಎಂದಷ್ಟೇ ಹೇಳಿ ಕೋಟು ಹಾಕಿಕೊಂಡು ಹೊರಟರಂತೆ. ‘ನಿನ್ನ ಅಗತ್ಯವಿಲ್ಲ’ ಅಂತಲೇ ಇವರಿಗೆ ಕೇಳಿಸಿತು. ಅಂದಿನಿಂದ ರಾತ್ರಿ ಹನ್ನೊಂದಕ್ಕೂ ಮೇಲ್ ಕಳಿಸುವುದು, ಉತ್ತರ ಬಾರದೆ ನಿದ್ದೆಗೆಡುವುದು.

“ಪ್ರೊಬೇಷನ್ ಮುಗಿದಿದೆಯಾ?” ಎಂದು ಕೇಳಿದೆ. ಮುಗಿದಿತ್ತು. ಅಲ್ಲಿ ಕಾನೂನಿನ ಪ್ರಕಾರ ಅದು ಸಾಮಾನ್ಯವಾಗಿ ಹೆಚ್ಚೆಂದರೆ 6 ತಿಂಗಳು. ನಿಮ್ಮ ಕೆಲಸ ಹಿಡಿಸದಿದ್ದರೆ ಬಿಡಿಸಲು ಅದೇ ಸುಲಭದ ಸಮಯವಾಗಿತ್ತು ಎಂದೆ. ಫಿನ್ನರಲ್ಲಿ ಎದುರಿನವರ ಮಾತು ಮುಗಿದ ಮೇಲೆ ಕೊಂಚ ಯೋಚಿಸಿ ಉತ್ತರಿಸುವುದೇ ಮರ್ಯಾದೆ. ತಪ್ಪಿದ್ದರೆ ನೇರವಾಗಿ ಹೇಳುತ್ತಾರೆ, ಸರಿಯಿದ್ದರೆ ಸುಮ್ಮನಿರುತ್ತಾರೆ. ವಾರಕ್ಕೆ 40 ಗಂಟೆಯ ಮಿತಿಯಿರುವ ಕಡೆ ದಿನಾ ತಡವಾಗಿ ಕೂರುವುದನ್ನು ನಿಷ್ಠೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಕೆಲಸ ಕೈಮೀರಿದೆಯೇನೋ ಎಂದುಕೊಳ್ಳುತ್ತಾರೆ.

ಊಹೆ ಮಾಡುತ್ತಾ ಕೂರಬೇಡಿ, “ನಾನು ಏನನ್ನು ಬದಲಿಸಿಕೊಳ್ಳಬೇಕು?” ಎಂದು ಮ್ಯಾನೇಜರನ್ನೇ ಕೇಳಿ, ರಾತ್ರಿ ಮೇಲ್ ನಿಲ್ಲಿಸಿ ಎಂದೆ. ಡಬ್ಬಿ ಊಟವನ್ನು ಡೆಸ್ಕಿನಲ್ಲೇ ಮುಗಿಸುತ್ತಿದ್ದರು. ಕಾಫಿ ಬ್ರೇಕಿಗಾದರೂ ಎದ್ದು ಹೋಗಿ ಅಂದೆ. ಗಂಭೀರ ಮುಖದ ಆ ಜನ ನಾಲ್ಕು ಮಾತಾಡುವುದು ಕಾಫಿ ಕಪ್ ಹಿಡಿದಾಗಲೇ.

ಆದರೆ ಎಲ್ಲವನ್ನೂ ‘ಅಲ್ಲಿನ ಸಂಸ್ಕೃತಿ’ಯ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನವೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯ ಹೊತ್ತಿಗೇ ಕತ್ತಲು. ಮೂರು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದರೆ ಅದಕ್ಕೆ ಬರೀ ಸಮಾಧಾನದ ಮಾತು ಸಾಲದು, ವೈದ್ಯರು ನೋಡಲೇಬೇಕು. ನೌಕರರಿಗೆ ಔದ್ಯೋಗಿಕ ಆರೋಗ್ಯ ಸೇವೆ ಒದಗಿಸುವುದು ಅಲ್ಲಿ ಮಾಲೀಕರ ಕಾನೂನುಬದ್ಧ ಹೊಣೆ. ಆ ಸೇವೆಯ ವೈದ್ಯರಿಗೆ ಹೇಳಿಕೊಂಡದ್ದು ಮ್ಯಾನೇಜರ್ ಕಿವಿಗೆ ಬೀಳುತ್ತದೆಂದು ಹೆದರಿದ್ದರು. ವೈದ್ಯರು ಗೋಪ್ಯತೆಗೆ ಬದ್ಧರು ಎಂದು ಬಿಡಿಸಿ ಹೇಳಿದೆ. ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆ ನಡೆಯಲೂ ಹೇಳಿದೆ.

ಮುಂದಿನ ಸಲ ಬಂದಾಗ ಮ್ಯಾನೇಜರನ್ನು ಕೇಳಿಯಾಗಿತ್ತು. “ಏನೂ ಬೇಡ, ಚೆನ್ನಾಗಿದೆ” ಎಂಬ ಉತ್ತರ ಸಿಕ್ಕಿತ್ತು. ವೈದ್ಯರನ್ನೂ ಕಂಡಿದ್ದರು. ನಿದ್ದೆ ಸ್ವಲ್ಪ ಸುಧಾರಿಸಿದೆ, ಒಂಟಿತನ ಹಾಗೇ ಇದೆ. ಎರಡು ವಾರಕ್ಕೊಮ್ಮೆ ಮಾತಾಡುತ್ತಿದ್ದೇವೆ.