ಮಾಂಸ ತಪಾಸಣೆಗೆ ಹೊಸ ಸಿಬ್ಬಂದಿಯನ್ನು ಹತ್ತು ದಿನದಲ್ಲಿ ತಯಾರು ಮಾಡಬಹುದಾ?

ಇಲಾಖೆಗೆ ಹೊಸದಾಗಿ ಸೇರಿದವರನ್ನು ಕಸಾಯಿಖಾನೆಯ ಮಾಂಸ ತಪಾಸಣೆಗೆ ಹಾಕಬೇಕು, ಹತ್ತು ದಿನದ ತರಗತಿ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಪಶುವೈದ್ಯ, ಈ ಕೆಲಸಕ್ಕೆ ಬಂದವರಿಗೆ ಹಲವು ವರ್ಷ ಹೇಳಿಕೊಟ್ಟಿದ್ದೇನೆ. ತರಗತಿ ಮುಗಿದ ಮೇಲೆ ಕೆಲವು ವಾರವಾದರೂ ಅವರನ್ನು ಪಳಗಿದವರ ಪಕ್ಕ ನಿಲ್ಲಿಸಿ.

ಬಹಳ ಜನ ಮೊದಲ ದಿನವೇ ರೋಗದ ಫೋಟೋ ತೋರಿಸಿಬಿಡುತ್ತಾರೆ. ನಾನು ಶುರುವಿಗೆ ಬರೀ ಆರೋಗ್ಯವಾಗಿರುವ ಲಿವರ್, ಶ್ವಾಸಕೋಶ, ಲಿಂಫ್ ಗ್ರಂಥಿಗಳನ್ನೇ ಕೈಗೆ ಕೊಡುತ್ತೇನೆ. ನೂರು ಒಳ್ಳೆಯ ಲಿವರ್ ಮುಟ್ಟಿದ ಕೈಗೆ ನೂರಾ ಒಂದನೆಯದು ಕೆಟ್ಟಿದ್ದರೆ ತಾನಾಗಿ ಗೊತ್ತಾಗುತ್ತದೆ. ಲಿವರ್ ಹುಳು ಇದ್ದ ದನದ ಲಿವರ್‌ನಲ್ಲಿ ಪಿತ್ತನಾಳ ದಪ್ಪಗಾಗಿ ಕೊಳವೆಯಂತೆ ಬೆರಳಿಗೆ ಸಿಗುತ್ತದೆ. ಕೊಯ್ದರೆ ಚಾಕುವಿಗೆ ಮರಳು ತಾಕಿದಂತೆ ಕರಕರ ಅನ್ನುತ್ತದೆ. ಒತ್ತಿದರೆ ಎಲೆಯಾಕಾರದ ಚಪ್ಪಟೆ ಹುಳು ಹೊರಬರುತ್ತದೆ. ಆ ಕರಕರ ಸದ್ದು ಯಾವ ಫೋಟೋದಲ್ಲೂ ಇರುವುದಿಲ್ಲ ಅಲ್ವಾ?

ಪ್ರಾಣಿ ಜೀವಂತ ಇದ್ದಾಗಿನ ತಪಾಸಣೆಯನ್ನು ಸುಮ್ನೆ ಶಾಸ್ತ್ರಕ್ಕೆ ಅಂತ ಮಾಡಬಾರದು. ನಿಂತಾಗಲೂ ನೋಡಬೇಕು, ನಡೆದಾಗಲೂ ನೋಡಬೇಕು. ರೇಬೀಸ್ (ಹುಚ್ಚುನಾಯಿ ರೋಗ), ಧನುರ್ವಾಯುವಿನ ಲಕ್ಷಣ ಕಾಣುವುದು ಆಗಲೇ. ಪ್ರಾಣಿ ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅಂಥ್ರಾಕ್ಸ್ ಅಂತಲೇ ಅನುಮಾನಿಸಿ, ಚಾಕು ಇಡಲೇಬಾರದು. ದೇಹ ತೆರೆದು ಗಾಳಿ ತಾಗಿದರೆ ಆ ರೋಗಾಣು ಗಟ್ಟಿ ಕವಚದ ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಈ ಪಾಠವನ್ನು ನಾನು ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳುತ್ತೇನೆ.

ಒಬ್ಬೊಬ್ಬರಿಗೆ ಎರಡು ಚಾಕು ಕೊಡಿ. ಒಂದು ಕೈಯಲ್ಲಿದ್ದರೆ ಇನ್ನೊಂದು 82 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿರಬೇಕು. ಕೀವುಗಡ್ಡೆಗೆ ತಾಗಿದ ಚಾಕುವಿನಿಂದಲೇ ಮುಂದಿನದನ್ನು ಕೊಯ್ದರೆ ತಪಾಸಕನೇ ರೋಗ ಹಂಚಿದಂತೆ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2014ರಿಂದ ಹಂದಿ ಮಾಂಸಕ್ಕೆ ಮಾಮೂಲಿ ಕೊಯ್ತ ಕೈಬಿಟ್ಟು, ಮೊದಲು ಕಣ್ಣಲ್ಲೇ ಪರೀಕ್ಷಿಸುವ ಪದ್ಧತಿಗೆ ಬಂತು. ಎಲ್ಲಿ ಕೊಯ್ಯಬಾರದು ಅನ್ನುವುದನ್ನೂ ಕಲಿಸಿ.

ಕೊನೆಗೆ, 'ಇದು ಬೇಡ' ಅನ್ನುವ ಧೈರ್ಯ. ಕೊಬ್ಬು ಹಳದಿಯಾಗಿದೆ ಅಂದುಕೊಳ್ಳಿ. ಮೇವಿನಿಂದಲೋ, ಕಾಮಾಲೆಯಿಂದಲೋ? ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ, ಸ್ನಾಯುರಜ್ಜು ನೋಡಬೇಕು. ಅವೂ ಹಳದಿಯಾಗಿದ್ದರೆ ಕಾಮಾಲೆ. ಅನುಮಾನ ಉಳಿದರೆ 24 ಗಂಟೆ ತಡೆಹಿಡಿದು ಮತ್ತೆ ನೋಡಬೇಕು. ಮಾಲೀಕ ಎದುರಿಗೇ ನಿಂತು ಒತ್ತಾಯ ಮಾಡುತ್ತಿರುತ್ತಾನೆ. ಆ ಒತ್ತಡವನ್ನೂ ತರಬೇತಿಯಲ್ಲೇ ತನ್ನಿ. ನಾನೇ ಮಾಲೀಕನಾಗಿ ಜೋರು ಮಾಡುತ್ತೇನೆ. ಕಲಿಯುವವರು ಆ ಭಾಗ ತೋರಿಸಿ, ಕಾರಣ ಹೇಳಿ, ಬರೆದುಕೊಡಬೇಕು.

ಒಬ್ಬರನ್ನೇ ಬಿಡುವ ಮುಂಚೆ, ನಾನು ಆಗಲೇ ನೋಡಿ ತೀರ್ಮಾನ ಬರೆದಿಟ್ಟ, ಕಡಿದ ಪ್ರಾಣಿಗಳ ದೇಹಗಳನ್ನೇ ಅವರಿಗೂ ಕೊಡುತ್ತೇನೆ, ನನ್ನ ತೀರ್ಮಾನ ಹೇಳದೆ. ಇಬ್ಬರ ಬರಹ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಹೊಂದದಿದ್ದರೆ ಇನ್ನೊಂದು ವಾರ ಪಕ್ಕದಲ್ಲೇ ನಿಲ್ಲುತ್ತಾರೆ.