"ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ ಬಿಡಿ": ಹೋಟೆಲ್ ಪೂಲ್ ಹತ್ರ ಶುರುವಾದ ಒಂದು ಮೌನ

ಕೌನ್ಸೆಲಿಂಗ್‌ಗೆ ಅಂತ ನನ್ ಹತ್ರ ಬಂದ ಒಂದು ಮನೆಯವ್ರ ಕಥೆ ಇದು, ಅವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ. ವಯಸ್ಸು, ಊರು, ಕೆಲ್ಸ ಎಲ್ಲ ಗುರುತು ಸಿಗದ ಹಾಗೆ ಬದಲಾಯ್ಸಿದೀನಿ, ಹೆಸರಂತೂ ಯಾರದ್ದೂ ಹಾಕಿಲ್ಲ.

ಫೋನ್ ಮಾಡಿದ್ದು ಮಗ. "ಮೇಡಂ, ನಮ್ಮಮ್ಮಂಗೆ ಡಿಪ್ರೆಶನ್ ಅನ್ಸತ್ತೆ, ಎರಡು ತಿಂಗಳಿಂದ ಕೇಳಿದ್ದಕ್ಕಷ್ಟೇ ಉತ್ತರ, ನಮ್ ಜೊತೆ ಊಟಕ್ಕೆ ಕೂರಲ್ಲ, ಹೊರಗೆ ಹೋಗೋಣ ಅಂದ್ರೆ ಮಂಡಿ ನೋವು ಅಂತಾರೆ, ಥೈರಾಯ್ಡು, ಬಿ ಟ್ವೆಲ್ವ್, ಶುಗರ್ ಎಲ್ಲ ಮಾಡ್ಸಿದ್ವಿ, ಎಲ್ಲ ನಾರ್ಮಲ್ಲು." ಮೊದ್ಲು ಬ್ಲಡ್ ಟೆಸ್ಟ್ ಮಾಡ್ಸಿದ್ದು ಒಳ್ಳೇದೇ ಆಯ್ತು, ಕರ್ಕೊಂಡ್ ಬನ್ನಿ ಅಂದೆ.

ಬಂದ್ರು. ಅಮ್ಮಂಗೆ 58 ವರ್ಷ. ಇಸ್ತ್ರಿ ಮಾಡಿದ ಸೀರೆ, ತೊಡೆ ಮೇಲೆ ವ್ಯಾನಿಟಿ ಬ್ಯಾಗು, ಅದರ ಹಿಡಿಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತ್ರು. ಮಾತೆಲ್ಲ ಮಗಂದೇ. ದಸರಾ ರಜಕ್ಕೆ ಎಲ್ರೂ ಮೈಸೂರಿಗೆ ಹೋಗಿದ್ರಂತೆ, ಮೊಮ್ಮಗನಿಗೆ ಬೇಕು ಅಂತ ಸ್ವಿಮ್ಮಿಂಗ್ ಪೂಲ್ ಇರೋ ಹೋಟೆಲ್ಲೇ ಬುಕ್ ಮಾಡಿದ್ರಂತೆ, ಅಲ್ಲಿಂದ ಬಂದ್ಮೇಲೆ ಹಿಂಗೆ. "ಪೂಲ್ ಹತ್ರ ಒಂಚೂರು ಏನೋ ಆಯ್ತು, ಚಿಕ್ ವಿಷ್ಯ ಬಿಡಿ" ಅಂದು ಮುಂದಕ್ಕೆ ಹೋದ. ನಮ್ ಕೆಲ್ಸದಲ್ಲಿ 'ಚಿಕ್ ವಿಷ್ಯ ಬಿಡಿ' ಅಂದ ಜಾಗದಲ್ಲೇ ಗಾಡಿ ನಿಲ್ಲಿಸ್ಬೇಕು.

ಮಗನ್ನ ಹೊರಗೆ ಕಳಿಸಿ ಅಮ್ಮನ್ನ ಕೇಳ್ದೆ, ನೀರು ಅಂದ್ರೆ ಭಯಾನ ಅಂತ. ಅವ್ರು ಏನೂ ಹೇಳ್ಲಿಲ್ಲ, ನಾನೇ ಮುಂದುವರ್ಸಿದೆ. ಭಯ ಇದ್ರೆ ತಪ್ಪೇನಿಲ್ಲ, ಎಷ್ಟೋ ಜನಕ್ಕೆ ಇರತ್ತೆ, ಮೊದ್ಲು ಬರೀ ಕಾಲು ಇಳಿಬಿಟ್ಟು ಕೂರೋದು, ಆಮೇಲೆ ಮಂಡಿವರ್ಗೆ, ಉಸಿರು ನಿಧಾನಕ್ಕೆ ಬಿಡೋದು ಅಂತ ಐದು ನಿಮಿಷ ಒಳ್ಳೆ ಟೀಚರ್ ಥರ ಹೇಳಿದೀನಿ. ಪಾಪ, ಪೂರ್ತಿ ಕೇಳಿಸ್ಕೊಂಡ್ರು. ಕೇಳಿಸ್ಕೊಂಡು, "ನಂಗೆ ಈಜು ಬರತ್ತೆ ಕಣಮ್ಮ" ಅಂದ್ರು.

ನಾನೂ ಅವ್ರ ಮಗ ಮಾಡಿದ್ದೇ ಮಾಡಿದ್ದೆ. ಸೀರೆ ಉಟ್ಟ, ಈ ವಯಸ್ಸಿನ ಹೆಂಗಸು ಅಂದ್ರೆ ನೀರಿಗೆ ಹೆದರೋರು ಅಂತ ತೀರ್ಮಾನ ಮಾಡಿಯಾಗಿತ್ತು. ಸಾರಿ ಅಮ್ಮ ಅಂದೆ, ಆಮೇಲೆ ಅವ್ರೇ ಮಾತಾಡಿದ್ರು, ನಾನು ಬಾಯಿ ಮುಚ್ಕೊಂಡು ಕೂತೆ.

ಅವ್ರ ತವರು ಬಯಲುಸೀಮೆ, ತೋಟದಲ್ಲಿ ಕಲ್ಲು ಕಟ್ಟಿದ, ಮೆಟ್ಲು ಇರೋ ದೊಡ್ಡ ಬಾವಿ. ಎಂಟೊಂಬತ್ತು ವರ್ಷ ಇದ್ದಾಗ ಅವರಪ್ಪ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸ್ತಿದ್ರಂತೆ. "ಮೊದ್ಲು ಎರಡು ಬುರುಡೆ, ಸ್ವಲ್ಪ ದಿನಕ್ಕೆ ಒಂದು, ಆಮೇಲೆ ಅದನ್ನೂ ಯಾವಾಗ ಬಿಚ್ಚಿದ್ರೋ ನಂಗೇ ಗೊತ್ತಾಗ್ಲಿಲ್ಲ." ಬೇಸಿಗೇಲಿ ನೀರು ಇಳಿದಾಗ ಅಣ್ಣ ನಾಲ್ಕಾಣೆ ಎಸೀತಿದ್ದ, ಇವ್ರು ಮುಳುಗಿ ತಳದಿಂದ ಎತ್ಕೊಂಡ್ ಬರ್ತಿದ್ರು, ತಂದವರಿಗೇ ಆ ನಾಲ್ಕಾಣೆ. ಇದನ್ನ ಹೇಳುವಾಗ ಬ್ಯಾಗಿನ ಹಿಡಿ ಕೈಬಿಟ್ಟು ಹೋಗಿತ್ತು, ಎರಡೂ ಕೈ ಗಾಳೀಲಿ ನೀರು ತಳ್ತಿದ್ವು. ಮೈನೆರೆದ ಮೇಲೆ ಸಾಕು ಅಂದ್ರು, ಸಾಕಾಯ್ತು. ಮದ್ವೆ, ಗಂಡನ ಮನೆ, ಬೆಂಗ್ಳೂರು. ಮಗನಿಗೆ ಯಾವತ್ತೂ ಹೇಳಿಲ್ವಾ ಅಂದ್ರೆ, "ಅವ್ನು ಯಾವತ್ತೂ ಕೇಳಿಲ್ವಲ್ಲ" ಅಂದ್ರು.

ಈಗ ಹೋಟೆಲ್ ಕಥೆ. ರೂಮಿನ ಕಿಟಕಿಯಿಂದ ಪೂಲ್ ಕಾಣ್ತಿತ್ತಂತೆ. ಬೆಳಿಗ್ಗೆ ಐದಕ್ಕೇ ಎದ್ದು ನಿಂತು ನೋಡ್ತಿದ್ರಂತೆ, ಯಾರೂ ಇಲ್ಲ, ನೀರು ಒಂದಿಷ್ಟೂ ಅಲುಗಾಡ್ತಿಲ್ಲ. ಇಡೀ ದಿನ ಅರಮನೆ, ಝೂ ಸುತ್ತುವಾಗ್ಲೂ ತಲೇಲಿ ಅದೇ. ಸಾಯಂಕಾಲ ಮಗ ಸೊಸೆ ಮೊಮ್ಮಗ ಪೂಲಿಗೆ ಇಳಿದಾಗ ಇವ್ರು ನೈಟಿ ಹಾಕ್ಕೊಂಡು, ಹೆಗಲ ಮೇಲೊಂದು ಟವೆಲ್ ಹೊದ್ಕೊಂಡು ಹೋದ್ರು. ಮೊಮ್ಮಗಂಗೆ ಆಶ್ಚರ್ಯ ಮಾಡ್ಬೇಕು ಅಂತ ಯಾರಿಗೂ ಹೇಳಿರ್ಲಿಲ್ಲ. ಸ್ಟೀಲ್ ಏಣಿ ಹಿಡ್ಕೊಂಡು ಸೊಂಟದವರ್ಗೆ ಇಳಿದಿದಾರೆ ಅಷ್ಟೇ, ವಿಸಿಲ್. "ಮೇಡಂ, ಮೇಡಂ, ಕಾಟನ್ ಹಾಕ್ಕೊಂಡು ಇಳಿಯಂಗಿಲ್ಲ, ಹೊರಗ್ ಬನ್ನಿ." ಅಲ್ಲಿದ್ದೋರೆಲ್ಲ ತಿರುಗಿದ್ರು. ಹತ್ತಿ ಬಂದ್ರೆ ಒದ್ದೆ ನೈಟಿ ಮೈಗೆ ಅಂಟ್ಕೊಂಡಿದೆ, ಆ ವೇಷದಲ್ಲೇ ಲಾಬಿ ದಾಟಿ ಲಿಫ್ಟ್‌ವರ್ಗೆ ನಡೀಬೇಕು, ಹಿಂದೆ ಒಬ್ಬ ಹುಡುಗ ಇವ್ರು ಹೆಜ್ಜೆ ಇಟ್ಟಲ್ಲೆಲ್ಲ ಮಾಪ್ ಹಾಕ್ಕೊಂಡು ಬರ್ತಿದಾನೆ.

"ವಿಸಿಲ್ ಹೊಡೆದವನ ಮೇಲೆ ನಂಗೇನೂ ಕೋಪ ಇಲ್ಲ, ಅವನ ಡ್ಯೂಟಿ. ನನ್ ಮಗ ನಕ್ಕೊಂಡು ಅವನಿಗೆ 'ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ ಬಿಡಿ' ಅಂದ್ನಲ್ಲ."

ಇದನ್ನ ಆಮೇಲೆ ಮಗನ ಹತ್ರ ಹೇಳಿದಾಗ ಅವ್ನಿಗೆ ನೆನಪೇ ಇಲ್ಲ! ಸುಳ್ಳಲ್ಲ, ನಿಜವಾಗ್ಲೂ ನೆನಪಿರ್ಲಿಲ್ಲ. ಅಮ್ಮನ್ನ ಆ ಮುಜುಗರದಿಂದ ಪಾರು ಮಾಡೋಕೆ ಅಂತ ಬಾಯಿಗೆ ಬಂದ ಮಾತು ಅದು. ಆದ್ರೆ ಪಾರು ಮಾಡೋಕೆ ಆರಿಸ್ಕೊಂಡಿದ್ದು ಅಮ್ಮನ ದಡ್ಡತನ. ಈ ಮಾತು ನಮ್ ಮನೆಗಳಲ್ಲಿ ಎಷ್ಟು ಸಲೀಸು ನೋಡಿ, ಯುಪಿಐ ಹತ್ರ, ಏರ್‌ಪೋರ್ಟಲ್ಲಿ, ಮಾಲಿನ ಎಸ್ಕಲೇಟರ್ ಹತ್ರ, ಎಲ್ಲ ಕಡೆ ಅಂತೀವಿ. ಗೊತ್ತಿಲ್ಲದಿದ್ದಿದ್ದು ಅಲ್ಲಿಯ ರೂಲ್ಸು. ಆ ರೂಲ್ಸು ಮೊದಲ್ನೇ ಸಲ ಹೋದೋರು ಯಾರಿಗೂ ಗೊತ್ತಿರಲ್ಲ. ನಾನು ಮೊದಲ್ನೇ ಸಲ ಒಂದು ಹೋಟೆಲ್ ಪೂಲಿಗೆ ಹೋದಾಗ ಟವೆಲ್ ರೂಮಿಂದ ತರ್ಬೇಕಾ ಅಲ್ಲೇ ಕೊಡ್ತಾರಾ ಅಂತ ಗೊತ್ತಾಗದೆ, ಕೇಳೋಕೂ ನಾಚಿಕೆ ಆಗಿ, ಇಪ್ಪತ್ತು ನಿಮಿಷ ಕುರ್ಚಿ ಮೇಲೆ ಫೋನ್ ನೋಡ್ತಾ ಕೂತು ವಾಪಸ್ ಬಂದಿದೀನಿ, ಅದೂ ಎಂ.ಎ. ಸೈಕಾಲಜಿ ಮುಗಿಸ್ಕೊಂಡು.

ಮಗನಿಗೆ ಹೇಳಿದ್ದು ಇಷ್ಟು. ಸಾರಿ ಕೇಳೋದಾದ್ರೆ ಆ ವಾಕ್ಯ ಹಿಡಿದೇ ಕೇಳಿ, "ತಮಾಷೆಗೆ ಅಂದೆ", "ನೀನು ಹಿಂಗೆ ಮನಸ್ಸಿಗೆ ಹಚ್ಕೋತೀಯ ಅಂತ ಗೊತ್ತಿರ್ಲಿಲ್ಲ" ಅನ್ನೋದನ್ನ ಸೇರಿಸ್ಬೇಡಿ, ಸೇರಿಸಿದ್ರೆ ತಪ್ಪು ಮತ್ತೆ ಅಮ್ಮನ ತಲೆಗೇ ಹೋಗತ್ತೆ. ಇಲ್ಲೇ ನನ್ ಮುಂದೆ ಕೇಳ್ಲೇಬೇಕು ಅಂತಾನೂ ಇಲ್ಲ. ಮೂರನೆಯವರ ಮುಂದೆ ಮಕ್ಕಳು ಸಾರಿ ಕೇಳಿದ್ರೆ ನಮ್ ಅಮ್ಮಂದಿರು "ಅಯ್ಯೋ ಬಿಡು ಪರ್ವಾಗಿಲ್ಲ" ಅಂದುಬಿಡ್ತಾರೆ, ಅದು ನಿಮಗೋಸ್ಕರ ಅನ್ನೋ ಮಾತು, ಅಲ್ಲಿಗೆ ಮುಗೀತು ಅಂತ ಅಂದ್ಕೋಬೇಡಿ. ಬದಲಿಗೆ ಬಾವಿ ಬಗ್ಗೆ ಕೇಳಿ, ಮಧ್ಯೆ ಬಾಯಿ ಹಾಕ್ದೆ ಕೇಳಿ. ಸೊಸೆ ಒಂದೇ ಸಲ ಬಂದಿದ್ದು. ಆವತ್ತೇ ಅತ್ತೆ ಹಿಂದೆ ರೂಮಿಗೆ ಹೋಗ್ಬೇಕಿತ್ತು ಅನ್ಸಿತ್ತು, ಅವ್ರಿಗೆ ಇನ್ನೂ ಅವಮಾನ ಆಗತ್ತೇನೋ ಅಂತ ಸುಮ್ನಾದೆ ಅಂದ್ಳು. ಅದನ್ನೇ ಅತ್ತೆಗೆ ಹೇಳಮ್ಮ ಅಂದೆ.

ಅಮ್ಮನ ಜೊತೆ ಮಾಡಿದ ಕೆಲ್ಸ ಬೇರೆ. ಇನ್ನೊಂದ್ ಸಲ ಇಳೀಬೇಕು ಅಂತ ಇದೆಯಾ ಅಂತ ಕೇಳ್ದೆ. ತುಂಬಾ ಹೊತ್ತು ಸುಮ್ನಿದ್ದು "ಇದೆ, ಆದ್ರೆ ವಿಸಿಲ್ ಕೇಳ್ಬಾರ್ದು" ಅಂದ್ರು. ಹಾಗಾದ್ರೆ ರೂಲ್ಸು ಏನಕ್ಕೆ ಇದೆ ಅಂತ ತಿಳ್ಕೊಳ್ಳೋಣ ಅಂತ ಕೂತ್ವಿ, ಕಾರಣ ಗೊತ್ತಿದ್ರೆ ಅದು ಬೈಗುಳದ ಥರ ಕೇಳ್ಸಲ್ಲ. ಕಾಟನ್ ನೀರು ಕುಡಿದು ಭಾರ ಆಗತ್ತೆ, ಕೈಕಾಲಿಗೆ ತೊಡರತ್ತೆ, ಅದರ ಎಳೆ ಬಿಟ್ಕೊಂಡು ಫಿಲ್ಟರಿಗೆ ಸಿಕ್ಕಾಕ್ಕೊಳತ್ತೆ, ಬಣ್ಣನೂ ಬಿಡ್ಬೋದು, ಅದಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕೇಳ್ತಾರೆ. ಮೈ ಕಾಣೋ ಕಾಸ್ಟ್ಯೂಮೇ ಆಗ್ಬೇಕು ಅಂತಿಲ್ಲ, ಉದ್ದ ತೋಳು, ಕಣಕಾಲುವರ್ಗೆ ಪ್ಯಾಂಟ್ ಇರೋ ಸ್ವಿಮ್ಮಿಂಗ್ ಡ್ರೆಸ್ಸು ಆನ್‌ಲೈನಲ್ಲಿ ಬೇಕಾದಷ್ಟು ಸಿಗತ್ತೆ. ಇಳಿಯೋ ಮುಂಚೆ ಶವರ್ ಮಾಡಿ ಅನ್ನೋದು ಯಾಕಂದ್ರೆ ಬೆವರು, ತಲೆಗೆ ಹಚ್ಚಿದ ಎಣ್ಣೆ ಎಲ್ಲ ಕ್ಲೋರಿನ್ ಶಕ್ತಿ ತಿಂದುಹಾಕತ್ತೆ. ಪೂಲ್ ಹತ್ರ ಮೂಗಿಗೆ ಘಾಟು ಹೊಡಿಯತ್ತಲ್ಲ, ಅದು ಕ್ಲೀನಾಗಿರೋ ಗುರುತಲ್ಲ, ಕ್ಲೋರಿನ್ನು ಬೆವರು ಉಚ್ಚೆ ಜೊತೆ ಸೇರಿ ಹುಟ್ಟೋ ವಾಸನೆ ಅದು. ಇದನ್ನ ಹೇಳಿದಾಗ ಅಮ್ಮ ಮೊದಲ್ನೇ ಸಲ ನಕ್ರು, "ಹಂಗಾದ್ರೆ ನನ್ ನೈಟಿನೇ ವಾಸಿ ಇತ್ತಲ್ಲ!"

ಒಂದು ವಿಷ್ಯ ಮಾತ್ರ ಗಟ್ಟಿಯಾಗಿ ಹೇಳ್ದೆ, ಬಾವಿ ಈಜು ಕಲ್ತ ಎಲ್ರಿಗೂ ಇದು. ಬಾವಿಗೆ ಕಟ್ಟೆಯಿಂದ ಹಾರಿ ಅಭ್ಯಾಸ ಇರತ್ತೆ. ಹೋಟೆಲ್ ಪೂಲು ಎಷ್ಟೋ ಕಡೆ ಮೂರರಿಂದ ಐದು ಅಡಿ ಅಷ್ಟೇ, ತಲೆ ಮುಂದೆ ಮಾಡಿ ಹಾರಿದ್ರೆ ಕುತ್ತಿಗೆ ಮೂಳೆ ಮುರಿದು ಜೀವಮಾನ ಹಾಸಿಗೆ ಹಿಡೀಬೋದು. ಇನ್ನು ಮೊಮ್ಮಕ್ಕಳ ವಿಷ್ಯದಲ್ಲಿ ಉಲ್ಟಾ: ನೀರು ಮೇಲಿಂದ ನೋಡಿದಾಗ ಇರೋದ್ರಲ್ಲಿ ಮುಕ್ಕಾಲು ಭಾಗ ಆಳ ಇದ್ದಂಗಷ್ಟೇ ಕಾಣತ್ತೆ, ಐದಡಿ ನಾಲ್ಕಡಿಗಿಂತ ಕಮ್ಮಿ ಅನ್ಸತ್ತೆ, ಅಂಚಿನ ಮೇಲೆ ಬರೆದಿರೋ ನಂಬರ್ ನೋಡ್ಬೇಕು, ಕಣ್ಣನ್ನ ನಂಬಬಾರ್ದು. ಎಷ್ಟೋ ಹೋಟೆಲಲ್ಲಿ ಲೈಫ್ ಗಾರ್ಡ್ ಇರಲ್ಲ, ಬರೀ ಬೋರ್ಡ್ ಇರತ್ತೆ, ಹಾಗಾಗಿ ಒಬ್ರೇ ಇಳಿಯೋದು ಬೇಡ, ನಲವತ್ತು ವರ್ಷ ಬಿಟ್ಟ ಈಜು ತಲೇಲಿ ಇರತ್ತೆ ದಮ್ಮಲ್ಲಿ ಇರಲ್ಲ, ಗೋಡೆ ಪಕ್ಕದಲ್ಲೇ ಇರಿ ಅಂದೆ. ಬಿಪಿ ಮಾತ್ರೆ ತಗೋತಿದ್ರು, ಡಾಕ್ಟರನ್ನ ಒಂದ್ ಮಾತು ಕೇಳಿ ಅಂದೆ. ಮಂಡಿ ನೋವು ಬರೀ ನೆಪ ಅಲ್ಲ, ಸ್ವಲ್ಪ ನಿಜಾನೂ ಇತ್ತು, ಸೊಂಟದವರ್ಗೆ ನೀರಲ್ಲಿ ನಿಂತ್ರೆ ಕಾಲಿನ ಮೇಲಿನ ಭಾರ ಹೆಚ್ಚುಕಮ್ಮಿ ಅರ್ಧ ಇಳಿಯತ್ತೆ ಅಂದಾಗ ಕಣ್ಣರಳಿಸಿದ್ರು.

ಮೂರನೇ ಸೆಶನ್ನಲ್ಲಿ ಹೋಟೆಲಿಗೆ ಫೋನ್ ಮಾಡೋದನ್ನ ಪ್ರಾಕ್ಟೀಸ್ ಮಾಡಿದ್ವಿ, ನಾನು ರಿಸೆಪ್ಶನ್ನು. ಪೂಲ್ ಟೈಮಿಂಗ್ ಏನು, ಫುಲ್ ಡ್ರೆಸ್ ನಡಿಯತ್ತಾ, ಕ್ಯಾಪ್ ಬೇಕಾ, ಆಳ ಎಷ್ಟು, ಬಟ್ಟೆ ಬದಲಾಯ್ಸೋ ರೂಮು ಪೂಲ್ ಹತ್ರಾನೇ ಇದೆಯಾ. ಈ ಕೊನೇ ಪ್ರಶ್ನೆ ಅವ್ರೇ ಸೇರ್ಸಿದ್ದು. ಲಾಬಿ, ಮಾಪು, ಅದು ಇನ್ನೂ ಹೋಗಿರ್ಲಿಲ್ಲ. ಮಗ ಮಾಡ್ಲಾ ಅಂದಿದ್ದಕ್ಕೆ ಬೇಡ, ನಾನೇ ಮಾಡ್ತೀನಿ ಅಂದ್ರಂತೆ.

ಹೋದ್ರು, ಬೇರೆ ಹೋಟೆಲ್ಲು, ಬೆಳಿಗ್ಗೆ ಏಳಕ್ಕೆ, ಜನ ಕಮ್ಮಿ ಇರೋ ಟೈಮು. ಮುಂದಿನ ವಾರ ಬಂದು ಕೂತ ತಕ್ಷಣ ರಿಪೋರ್ಟು: "ಅರ್ಧ ದೂರಕ್ಕೇ ಏದುಸಿರು ಬಂತು ಕಣಮ್ಮ, ಗೋಡೆ ಹಿಡ್ಕೊಂಡೆ. ಆಮೇಲೆ ಅಂಗಾತ ಮಲ್ಕೊಂಡು ತೇಲ್ದೆ, ಅದು ಮರ್ತಿಲ್ಲ. ಆದ್ರೂ ಬಾವಿ ನೀರಿಗೆ ಸಮ ಇಲ್ಲ ಬಿಡು, ಬಾಯೆಲ್ಲ ಬ್ಲೀಚಿಂಗ್ ಪೌಡರ್, ಕಣ್ಣು ಸಂಜೆವರ್ಗೂ ಕೆಂಪು." ಮೊಮ್ಮಗ ತನ್ನ ಗಾಗಲ್ಸ್ ಕೊಡ್ತೀನಿ ಅಂದಿದಾನಂತೆ.

ಮಗ ಸಾರಿ ಕೇಳಿದ್ನಾ ಅಂದೆ. "ಇಲ್ಲ" ಅಂದ್ರು. "ಕ್ಯಾಪ್ ಟೈಟ್ ಆಗಿ ಜಡೆ ಒಳಗೆ ಹೋಗ್ತಿರ್ಲಿಲ್ಲ, ಪೂಲ್ ಅಂಚಲ್ಲಿ ಕೂತು ಅವ್ನೇ ಒಳಗೆ ಸೇರಿಸ್ತಿದ್ದ. ಬಾವಿಗೆ ಎಷ್ಟು ಮೆಟ್ಲಿತ್ತಮ್ಮ ಅಂತ ಕೇಳ್ದ."