ಬಾಯಲ್ಲಿ ಬರುತ್ತದೆ, ಬರೆಯಲು ಬರುವುದಿಲ್ಲ

ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: "ನಾಲ್ಕನೇ ತರಗತಿಯ ಹುಡುಗ. ಪಾಠವನ್ನೆಲ್ಲ ಬಾಯಲ್ಲಿ ಹೇಳುತ್ತಾನೆ. ಓದು ಅಂದರೆ ತಡವರಿಸುತ್ತಾನೆ, ಬರೆಯಲು ಕೂತರೆ ಅರ್ಧ ಸಾಲಿಗೇ ನಿಲ್ಲುತ್ತಾನೆ. ಇದು ಕಲಿಕಾ ನ್ಯೂನತೆಯಾ ಅಂತ ಕೇಳಿದರೆ, ಸೋಮಾರಿ ಅವನು, ನಾವೇನು ಡಾಕ್ಟರಾ ಅನ್ನುತ್ತಾರೆ ಜೊತೆಯವರು. ಅವನ ತಾಯಿಗೆ ಏನಂತ ಹೇಳಲಿ?"

ಮೇಡಂ, ಸೋಮಾರಿ ಅನ್ನೋ ಮಾತನ್ನು ಮೊದಲು ಪಕ್ಕಕ್ಕಿಡಿ. ಕಥೆ ಪೂರ್ತಿ ಹೇಳುವ ಹುಡುಗ ಪಾಠ ಕೇಳಿಸಿಕೊಂಡಿದ್ದಾನೆ, ನೆನಪಿಟ್ಟುಕೊಂಡಿದ್ದಾನೆ. ಮಾತಿಗೂ ಬರಹಕ್ಕೂ ಇಷ್ಟು ಅಂತರ ಯಾಕೆ ಅಂತ ನೋಡಬೇಕು, ಅಲ್ವಾ? ಬುದ್ಧಿಯಿದ್ದೂ ಓದು, ಬರಹ, ಲೆಕ್ಕದಲ್ಲಿ ತೊಡಕಾಗುವುದನ್ನೇ ಕಲಿಕಾ ನ್ಯೂನತೆ ಅನ್ನುವುದು.

ಅವನ ಹಳೇ ನೋಟ್‌ಬುಕ್ ತೆಗೆಯಿರಿ. ತಪ್ಪು ಎಷ್ಟಿವೆ ಅಂತಲ್ಲ, ಎಲ್ಲಿ ಬೀಳುತ್ತಿವೆ ಅಂತ ನೋಡಿ. ಕನ್ನಡದಲ್ಲಿ ಒತ್ತಕ್ಷರದ ಹತ್ತಿರ ಚೆನ್ನಾಗಿ ಗೊತ್ತಾಗುತ್ತದೆ. ‘ಅಜ್ಜಿ’ ಹೋಗಿ ‘ಅಜಿ’ ಆಗಿರುತ್ತದೆ, ‘ಹಬ್ಬ’ ಹೋಗಿ ‘ಹಬ’. ಒಂದೇ ಪುಟದಲ್ಲಿ ಒಂದೇ ಪದ ಮೂರು ಥರ. ಬ–ಭ, ದ–ಧ ಅದಲುಬದಲು, ಕೊಂಬು ದೀರ್ಘ ಮಾಯ. ಬೋರ್ಡ್ ನೋಡಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತಾನಾ? ಲೆಕ್ಕವನ್ನೂ ಗಮನಿಸಿ. 27ಕ್ಕೆ 35 ಕೂಡಿಸಿ 512 ಅಂತ ಬರೆದರೆ, ಅವನಿಗೆ ಕೂಡೋದು ಬರುತ್ತದೆ, ಸ್ಥಾನಬೆಲೆ ಹಿಡಿತಕ್ಕೆ ಸಿಕ್ಕಿಲ್ಲ. ಚಿಕ್ಕ ತರಗತಿಯಲ್ಲಿ ಇಂಥ ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ. ತಿಂಗಳುಗಟ್ಟಲೆ ತಿದ್ದಿಸಿದ ಮೇಲೂ ಅದೇ ತಪ್ಪು ಉಳಿದರೆ ಮಾತ್ರ ಅದು ಸೂಚನೆ.

ಆತುರವೂ ಬೇಡ. ಮೊದಲು ಕಣ್ಣು, ಕಿವಿ ತೋರಿಸಿ. ಹಾಜರಿ ಪುಸ್ತಕ ನೋಡಿ. ಮನೆಯಲ್ಲಿ ಲಂಬಾಣಿ ಮಾತಾಡುವ, ಅಪ್ಪ ಅಮ್ಮನ ಜೊತೆ ಕಾಫಿ ತೋಟಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡ ಮಕ್ಕಳು ನಿಮ್ಮ ಕಡೆ ಇರುತ್ತಾರೆ. ಅವರ ಕಷ್ಟ ಬೇರೆ, ಅದಕ್ಕೆ ದಾರಿಯೂ ಬೇರೆ.

ಡಾಕ್ಟರಲ್ಲ, ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಕೇಂದ್ರದ ಮಾರ್ಗಸೂಚಿ ಪ್ರಕಾರ, ಮೂರನೇ ತರಗತಿಯ ಹೊತ್ತಿಗೆ ಮೊದಲ ತಪಾಸಣೆ ಮಾಡಬೇಕಾದವರು ಶಿಕ್ಷಕರೇ. ಅದಾದ ಮೇಲೆ ಮಕ್ಕಳ ವೈದ್ಯರ, ಮನಶ್ಶಾಸ್ತ್ರಜ್ಞರ ಪರೀಕ್ಷೆ. ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಕೇಳಿ. ದಾವಣಗೆರೆಯಲ್ಲೇ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ ಇದೆ (ಅದೇ ಹೆಸರಿನ, ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಅಲ್ಲ), ಅಲ್ಲೂ ವಿಚಾರಿಸಿ. ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು.

ತಾಯಿಯನ್ನು ಒಬ್ಬರನ್ನೇ ಕರೆಸಿ. ಮೊದಲು ಅವನ ಬಾಯಿಂದ ಕಥೆ ಹೇಳಿಸಿ, ಆಮೇಲೆ ನೋಟ್‌ಬುಕ್ ತೋರಿಸಿ. "ನಿಮ್ಮ ಮಗ ದಡ್ಡ ಅಲ್ಲಮ್ಮ, ಓದು ಬರಹದಲ್ಲಿ ಎಲ್ಲೋ ತೊಡಕಾಗುತ್ತಿದೆ, ತೋರಿಸೋಣ" ಅನ್ನಿ. ನ್ಯೂನತೆಯ ಹೆಸರು ಹೇಳಿ ಹೆದರಿಸಬೇಡಿ. ಮನೆಯಲ್ಲಿ ಹೊಡೆದು ಓದಿಸುತ್ತಿದ್ದರೆ, ಅದನ್ನು ಇವತ್ತೇ ನಿಲ್ಲಿಸಲು ಹೇಳಿ.

ವರದಿ ಬರಲಿ ಅಂತ ಸುಮ್ನೆ ಕೂರುವುದೂ ಬೇಡ. ಎಲ್ಲರೆದುರು ನಿಲ್ಲಿಸಿ ಜೋರಾಗಿ ಓದಿಸಬೇಡಿ. ಬಾಯಲ್ಲಿ ಹೇಳಿದ ಉತ್ತರಕ್ಕೂ ಅಂಕ ಕೊಡಿ. ವಾರಕ್ಕೆ ಒಂದೇ ಒತ್ತಕ್ಷರ ಸಾಕು. ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ತಿದ್ದುತ್ತಲೇ ಜೋಡಿಸಿ ಹೇಳಿಸಿ.